ಬೇರೂರುವ ಹಲ್ಲು

ಡಾಕ್ಟರ್ ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ವಿವರಿಸಿದರು. "ಮುಂದಿನ ಹಲ್ಲು ಹೋದ ಮೇಲೆ ಅಲ್ಲಿನ ಮೂಳೆ ಕೆಲಸವಿಲ್ಲದೆ ಕರಗಿದೆ. ಗೋಡೆಯೇ ತೆಳುವಾದರೆ ಮೊಳೆ ಎಲ್ಲಿ ನಿಲ್ಲುತ್ತೆ? ದವಡೆಯ ಹಿಂಬದಿಯಿಂದ ಚೂರು ಮೂಳೆ ತೆಗೆದು ಇಲ್ಲಿ ಕಸಿ ಮಾಡ್ತೀನಿ. ಅದು ಕೂಡಿಕೊಂಡ ಮೇಲೆ ಇಂಪ್ಲಾಂಟ್, ಅಂದ್ರೆ ಮೂಳೆಗೇ ಕೂರಿಸೋ ಹಲ್ಲು. ಆಮೇಲೆ ಜನ್ಮಕ್ಕೂ ಅಲುಗಾಡೋದಿಲ್ಲ."

ಸುಗುಣಮ್ಮನಿಗೆ ಬೇಕಾಗಿದ್ದೂ ಅದೇ. ಮದುವೆಯಾದ ವರ್ಷದೊಳಗೇ ಮಗಳು ಬಚ್ಚಲಲ್ಲಿ ಜಾರಿ ಬಿದ್ದು ಹಲ್ಲು ಕಳೆದುಕೊಂಡಳಂತೆ. ಅಂದಿನಿಂದ ಅವಳು ಬಾಯಿಗೆ ಕೈ ಅಡ್ಡ ಹಿಡಿಯದೆ ನಕ್ಕಿದ್ದೇ ಇಲ್ಲ. ಹೆತ್ತ ಕರುಳಿಗೆ ಅದು ಮುಳ್ಳಿನಂತೆ ಚುಚ್ಚುತ್ತಿತ್ತು.

"ಮಾಡಿಬಿಡಿ ಡಾಕ್ಟ್ರೇ," ಎಂದರು.

"ಬೇಡಮ್ಮ. ತೆಗೆದು ಹಾಕೋ ಹಲ್ಲೇ ಸಾಕು," ಎಂದಳು ಮಗಳು.

"ಇಪ್ಪತ್ತಾರಕ್ಕೇ ಲೋಟದಲ್ಲಿ ಹಲ್ಲಿಟ್ಟು ಮಲಗ್ತೀಯೇನೇ? ಅಳಿಯಂದ್ರು ಹೆದರಿ ಓಡಿಹೋಗ್ತಾರೆ!"

ಡಾಕ್ಟರ್ ಜೋರಾಗಿ ನಕ್ಕರು. ಮಗಳು ಮಾತ್ರ ತಲೆ ಎತ್ತಲಿಲ್ಲ.

"ನೋವಿನ ಭಯವೇನಮ್ಮ? ಮರಗಟ್ಟಿಸಿ ಮಾಡ್ತೀನಿ, ಗೊತ್ತೇ ಆಗೋಲ್ಲ."

"ನೋವಿಗೆ ನಾನು ಹೆದರಲ್ಲ ಸಾರ್."

"ಮತ್ಯಾಕೇ ಈ ಹಟ?" ಸುಗುಣಮ್ಮನಿಗೆ ರೇಗಿತು. "ನಿನ್ನ ಗಂಡನೇ ಫೋನ್ ಮಾಡಿ, ಒಳ್ಳೆಯದನ್ನೇ ಹಾಕಿಸಿ ಅತ್ತೆ ಅಂದ್ರು. ಅಂಥಾ ಅಪರಂಜೀನ ಹುಡುಕಿ ಕೊಟ್ಟಿದ್ದೀನಿ ನಿಂಗೆ!"

ತಾಯಿ ಮಗಳೇ ಮಾತಾಡಿ ತೀರ್ಮಾನಿಸಲಿ ಎಂದು ಡಾಕ್ಟರ್ ಪಕ್ಕದ ಕೋಣೆಗೆ ಹೋದರು. ಬಾಗಿಲು ಮುಚ್ಚಿದ ಮೇಲೆ ಮಗಳು ತಾಯಿಯ ಕೈ ಹಿಡಿದುಕೊಂಡು ಮೆಲ್ಲಗೆ ಹೇಳಿದಳು:

"ತೆಗೆಯೋ ಹಲ್ಲಾದ್ರೆ, ಅವರಿಗೆ ಸಿಟ್ಟು ಬಂದ ಕೂಡ್ಲೇ ತೆಗೆದಿಟ್ಕೋಬಹುದಮ್ಮ."