ಎಡಮಂಡಿಯ ಕೀಲು

"ಕೀಲಿಗೆ ಉಪ್ಪುಕಾಗದ ತಾಗಿಸಬೇಡಿ ಅಂತ ಇಲ್ಲಿ ದಪ್ಪಕ್ಷರದಲ್ಲಿ ಬರೆದಿದೆ ಕಣ್ರೀ," ಎಂದಳು ಟೈಪಿಸ್ಟ್, ಸೂಚನೆಯ ಹಾಳೆಯನ್ನು ಗುಮಾಸ್ತನ ಮೂಗಿನ ಹತ್ತಿರ ಹಿಡಿದು.

"ಸ್ವಲ್ಪ ಒರಟಿದೆ. ನುಣುಪಾಗಲಿ." ಗುಮಾಸ್ತ ರೋಬೋಟಿನ ಎಡಮಂಡಿಯ ಗುಂಡನ್ನು ಇನ್ನೂ ನಾಲ್ಕು ಸಲ ಉಜ್ಜಿದ.

"ಅತಿ ಮಾಡಿದ್ರೆ ಗತಿ ಕೆಡುತ್ತೆ. ಆಮೇಲೆ ಬಂದರು ಶಾಖೆಯೇ ಗತಿ, ನೆನಪಿರಲಿ."

"ಮರೆಯೋದುಂಟಾ?"

ಕೇಂದ್ರ ಕಚೇರಿಯ ಸುತ್ತೋಲೆ ಬಂದು ಹತ್ತು ದಿನವಾಗಿತ್ತು. ಅಧಿಕಾರಿಗಳ ಏಕಾಗ್ರತೆ ಹೆಚ್ಚಬೇಕು. ಆದಕಾರಣ ಪ್ರತಿ ಶಾಖೆಯ ಮುಖ್ಯಸ್ಥರೂ ಒಂದೊಂದು ಪ್ಲಾಸ್ಟಿಕ್ ರೋಬೋಟನ್ನು ಸ್ವಂತ ಕೈಯಿಂದ ಜೋಡಿಸಿ ಸ್ಪರ್ಧೆಗೆ ತರತಕ್ಕದ್ದು. ಇನ್ನೂರ ಹನ್ನೆರಡು ತುಂಡುಗಳು. ಸಾಹೇಬರು ಡಬ್ಬಿಯ ಮೇಲಿನ ಚಿತ್ರವನ್ನು ಮೂರು ನಿಮಿಷ ಏಕಾಗ್ರತೆಯಿಂದ ನೋಡಿ ಗುಮಾಸ್ತನನ್ನು ಕರೆಸಿದ್ದರು.

"ಸ್ವಂತ ಕೈ ಅಂತ ಇದೆಯಲ್ಲ ಸಾರ್."

"ಹದಿನೈದು ವರ್ಷದಿಂದ ನನ್ನ ಕೈ ನೀನೇ ಅಲ್ವೇನಯ್ಯ? ಬಹುಮಾನ ಬಂತೋ, ಇಲ್ಲೇ ನನ್ನ ಪಕ್ಕದಲ್ಲೇ ಹಾಯಾಗಿರ್ತೀಯ. ಮಾನ ಹೋಯ್ತೋ, ಮಾರನೇ ದಿನವೇ ಬಂದರಿಗೆ ಎಸೀತೀನಿ."

ಬಂದರು ಶಾಖೆ ಎಂದರೆ ಕಚೇರಿಯಲ್ಲಿ ಎಲ್ಲರ ಎದೆಯೂ ಧಸಕ್ಕೆನ್ನುತ್ತಿತ್ತು. ಉಪ್ಪುಗಾಳಿಗೆ ಕಬ್ಬಿಣದ ಬೀರುವೇ ಬಾಳದ ಊರು. ಅಲ್ಲಿಗೆ ಹೋದವರು ವಾಪಸು ಬಂದ ಉದಾಹರಣೆಯಿಲ್ಲ.

ಗುಮಾಸ್ತ ಮಾತು ಕಡಿಮೆಯ ಮನುಷ್ಯ. ಸಾಹೇಬರ ಭಾಷಣ, ಸಾಹೇಬರ ಮಗಳ ಶಾಲೆಯ ಪ್ರಬಂಧ, ಸಾಹೇಬರು ಅತ್ತೆಗೆ ಕಳಿಸುವ ಕ್ಷಮಾಪಣೆ, ಎಲ್ಲವೂ ಅವನದೇ ಬರಹ. ವರ್ಷಕ್ಕೊಮ್ಮೆ ಅವನು ತನಗಾಗಿ ಬರೆದುಕೊಳ್ಳುತ್ತಿದ್ದ ಒಂದು ಪುಟದ ಅರ್ಜಿಯನ್ನು ಮಾತ್ರ ಸಾಹೇಬರು ಮಡಿಕೆಯನ್ನೂ ಬಿಚ್ಚದೆ ಹಿಂತಿರುಗಿಸುತ್ತಿದ್ದರು. "ಏನೇ ಇರಲಿ, ಆಗಲ್ಲ." ಅವನು ಕಾಗದವನ್ನು ಜೇಬಿಗಿಳಿಸಿ, ಮತ್ತೆ ಬಂದು ಮೇಜಿಗೆ ಕೂರುತ್ತಿದ್ದ.

ಈಗ ರೋಬೋಟಿಗೆ ಕೂತಿದ್ದ. ಚೌಕಟ್ಟಿನಿಂದ ಒಂದೊಂದೇ ತುಂಡನ್ನು ಕತ್ತರಿಸಿ, ಗುರುತೂ ಉಳಿಯದಂತೆ ಕೆರೆದು, ಟಕ್ಕೆಂದು ಕೂರಿಸಿದ. ಬೆರಳು ಮಡಚುತ್ತಿತ್ತು, ಕತ್ತು ತಿರುಗುತ್ತಿತ್ತು. ಹಾಗೆ ಕೂತ ಒಂಬತ್ತನೆಯ ದಿನ ರೋಬೋಟು ಮೇಜಿನ ಮೇಲೆ ಎದೆ ಸೆಟೆಸಿ ನಿಂತಾಗ ಟೈಪಿಸ್ಟ್ ಕೂಡ ಚಪ್ಪಾಳೆ ತಟ್ಟಿದಳು. ಸಾಹೇಬರು ಅದನ್ನು ಮುಟ್ಟಲಿಲ್ಲ. "ನಾನು ಚೆನ್ನಾಗಿ ಮಾಡಿದ್ದೀನಿ," ಎಂದರು.

ಸ್ಪರ್ಧೆಯ ದಿನ ಸಭಾಂಗಣದಲ್ಲಿ ಮೂವತ್ತು ಮುಖ್ಯಸ್ಥರು, ಮೂವತ್ತು ರೋಬೋಟುಗಳು, ಗೋಡೆಗೆ ಒರಗಿ ಮೂವತ್ತು ಗುಮಾಸ್ತರು. ನಿರ್ದೇಶಕಿ ಸಾಹೇಬರ ಮೇಜಿನ ಮುಂದೆ ನಿಂತರು.

"ಅದ್ಭುತ! ನೀವೇ ಮಾಡಿದ್ರಾ?"

"ರಾತ್ರಿಯೆಲ್ಲ ನಿದ್ದೆಗೆಟ್ಟು, ಮೇಡಂ."

"ಹಾಗಾದ್ರೆ ಒಂದು ಕಾಲ ಮೇಲೆ ನಿಲ್ಲಿಸಿ ತೋರಿಸಿ."

ಸಾಹೇಬರಿಗೆ ಯಾವುದು ಎಲ್ಲಿ ಮಡಚುತ್ತದೆಂದು ಗೊತ್ತಿರಲಿಲ್ಲ. ಗೋಡೆಯ ಕಡೆ ನೋಡಿದರು. ಗುಮಾಸ್ತ ತನ್ನ ಎಡಗಾಲ ಮೇಲೆ ನಿಂತು ತೋರಿಸಿದ. ಸಾಹೇಬರು ಹಾಗೆಯೇ ನಿಲ್ಲಿಸಿದರು. ಎಡಮಂಡಿ ಕೈಕೊಟ್ಟಿತು. ರೋಬೋಟು ಮುಗ್ಗರಿಸಿ ನಿರ್ದೇಶಕಿಯ ಚಹಾದ ಕಪ್ಪಿನೊಳಗೆ ತಲೆಕೆಳಗಾಗಿ ಬಿತ್ತು. ಕಾಲೊಂದು ಸಾಹೇಬರ ಕೈಯಲ್ಲೇ ಉಳಿಯಿತು. ಇಪ್ಪತ್ತೊಂಬತ್ತು ಮುಖ್ಯಸ್ಥರು ಒಟ್ಟಿಗೆ ಕೆಮ್ಮಿದರು.

ಮರುದಿನ ಸಾಹೇಬರು ಬಾಗಿಲು ಹಾಕಿಕೊಂಡು ಅರಚಿದರು. "ಮಂಡಿಗೆ ಏನಯ್ಯ ಮಾಡ್ದೆ?"

"ಕೈಯಾರೆ ಉಜ್ಜಿದ್ದೆ ಸಾರ್."

"ನಿನ್ನ ಅತಿಭಕ್ತಿಗಿಷ್ಟು! ಹೋಗು, ಉಪ್ಪು ನೆಕ್ಕು!"

ತಪ್ಪಿನ ಕಾರಣ ಬರೆಯುವಂತಿರಲಿಲ್ಲ. ಬರೆದರೆ ಸ್ವಂತ ಕೈಯ ಗುಟ್ಟು ರಟ್ಟಾಗುತ್ತಿತ್ತು. 'ಆಡಳಿತದ ಹಿತದೃಷ್ಟಿಯಿಂದ' ಬಂದರು ಶಾಖೆಗೆ ವರ್ಗ ಎಂದು ಆದೇಶ ಹೊರಟಿತು. ಅದನ್ನೂ ಗುಮಾಸ್ತನೇ ಬರೆದ; ಸಾಹೇಬರು ಎಂದಿನಂತೆ ಓದದೆ ಸಹಿ ಹಾಕಿದರು. ಟೈಪಿಸ್ಟ್ ಕಣ್ಣೊರೆಸಿಕೊಂಡಳು. ಗುಮಾಸ್ತ ತಲೆತಗ್ಗಿಸಿ, ಯಾರ ಮುಖವನ್ನೂ ನೋಡದೆ ಹೊರಬಿದ್ದು, ಬೀದಿಯ ತಿರುವು ದಾಟಿದ ಮೇಲೆ ಫೋನ್ ತೆಗೆದ.

"ಸೋಮವಾರದಿಂದ ಅಡುಗೆ ನಂದು," ಎಂದ. ನಾಲ್ಕು ವರ್ಷದಿಂದ ಬಂದರಿನ ಆಸ್ಪತ್ರೆಯಲ್ಲಿ ನರ್ಸ್ ಆಗಿ ಒಬ್ಬಳೇ ಮಗು ಸಾಕುತ್ತಿದ್ದ ಹೆಂಡತಿ, "ನಿಮ್ಮ ಸಾಹೇಬ್ರು ಕೊನೆಗೂ ಅರ್ಜಿ ಬಿಚ್ಚಿ ನೋಡಿದ್ರಾ?" ಎಂದಳು.