ಅಮ್ಮನ ಸ್ವೆಟರಿನ ವಾಸನೆ

"ಮೂಸಿ ನೋಡು. ಅವಸರ ಬೇಡ," ಎಂದು ಅಕ್ಕ, ಸೀಸೆಯಲ್ಲಿ ಅದ್ದಿದ ಕಾಗದದ ಪಟ್ಟಿಯನ್ನು ತಂಗಿಯ ಮೂಗಿನ ಹತ್ತಿರ ಹಿಡಿದಳು. "ಅಮ್ಮನ ವಾಸನೆ ಬರ್ತಿದೆಯಾ?"

ಸೋಪಿನ ಕಾರ್ಖಾನೆಗೆ ಅಂದು ರಜೆ. ಪರಿಮಳ ಬೆರೆಸುವ ಆ ಕೋಣೆಯಲ್ಲಿ ಅವರಿಬ್ಬರನ್ನು ಬಿಟ್ಟರೆ ಒಂದು ನರಪಿಳ್ಳೆಯೂ ಇರಲಿಲ್ಲ. ಅಕ್ಕನದು ಅಲ್ಲಿ ಇಪ್ಪತ್ತು ವರ್ಷದ ಕೆಲಸ. ಎರಡು ವರ್ಷದ ಹಿಂದೆ ಬಂದ ಒಂದು ಹಾಳು ಜ್ವರ ಹೋಗುವಾಗ ಅವಳ ಮೂಗಿನ ಶಕ್ತಿಯನ್ನೂ ಕಟ್ಟಿಕೊಂಡು ಹೋಗಿತ್ತು. ಅಂದಿನಿಂದ ಮಲ್ಲಿಗೆಯೂ ಒಂದೇ, ಮೋರಿಯೂ ಒಂದೇ. ಯಾವುದರಲ್ಲಿ ಏನೆಷ್ಟಿದೆ ಎಂದು ಯಂತ್ರವೇ ಹೇಳುತ್ತಿದ್ದುದರಿಂದ ಕೆಲಸವೇನೋ ಉಳಿಯಿತು. ಆದರೆ ಹೋದ ವರ್ಷ ಅಮ್ಮ ತೀರಿಕೊಂಡಾಗ ಮನೆಯವರೆಲ್ಲ ಅವಳ ಸ್ವೆಟರಿನಲ್ಲಿ ಮುಖ ಹುದುಗಿಸಿ ಅತ್ತರು. ಅಕ್ಕನಿಗೆ ಮಾತ್ರ ಅದು ಬರೀ ಉಣ್ಣೆ.

ಅವಳು ಹಟಕ್ಕೆ ಬಿದ್ದಳು. ಸ್ವೆಟರಿನ ವಾಸನೆಯನ್ನು ಯಂತ್ರಕ್ಕೆ ಕೊಟ್ಟು, ಅದು ಹೇಳಿದ ನಲವತ್ತೊಂದು ಅಂಶಗಳನ್ನು ಮೂರು ತಿಂಗಳು ತೂಗಿ ತೂಗಿ ಬೆರೆಸಿದಳು. ಸ್ವೆಟರಿಗಿಂತ ನೂರು ಪಟ್ಟು ಗಟ್ಟಿಯಾಗಿಯೇ ಬೆರೆಸಿದಳು. ಇಷ್ಟು ಗಟ್ಟಿಯಾದರೆ ತನ್ನ ಮೂಗಿಗೂ ಒಮ್ಮೆ ತಟ್ಟೀತು ಎಂಬ ಆಸೆ.

"ಹತ್ತಿರ ಬಂದಿದೆ ಕಣೇ," ಎಂದಳು ತಂಗಿ. "ಆದ್ರೆ ಇದು ಮದುವೆಗೆ ಹೊರಟು ನಿಂತ ಅಮ್ಮ. ಮನೇಲಿರೋ ಅಮ್ಮ ಅಲ್ಲ."

ಅಕ್ಕ ಹಣೆ ಚಚ್ಚಿಕೊಂಡಳು. ಯಂತ್ರ ಇನ್ನೊಂದನ್ನೂ ಹೇಳಿತ್ತು, ಬೆವರು. ಬೆವರು ಕಂಡಲ್ಲಿ ಮೊದಲು ಗೀಟು ಹೊಡೆಯುವುದು ಸೋಪಿನವರ ಚಾಳಿ. ಅಮ್ಮನ ಬೆವರಿಗೂ ಹೊಡೆದುಬಿಟ್ಟಿದ್ದಳು! ಕಪಾಟು ತೆರೆದು, ಬೆವರಿನ ಹುಳಿ ನಾತದ ಸೀಸೆಯಿಂದ ಒಂದೇ ಒಂದು ಹನಿ ಸೇರಿಸಿ, ಹೊಸ ಪಟ್ಟಿ ಅದ್ದಿ ಕೊಟ್ಟಳು.

ತಂಗಿ ಮೂಸಿದಳು. ಕಣ್ಣು ತಾನಾಗಿ ಮುಚ್ಚಿಕೊಂಡಿತು, ಬಿಗಿದ ಭುಜ ಇಳಿಯಿತು.

"ಹೇಗಿದೆ? ಹೇಳೇ!"

"ಅಮ್ಮನ ಹಾಗಿದೆ."

"ಅದು ಗೊತ್ತು. ಅಮ್ಮನ ಹಾಗೆ ಅಂದ್ರೆ ಹೇಗೆ? ಬೆಚ್ಚಗಾ? ಹುಳೀನಾ?"

"ಅಯ್ಯೋ, ಅದನ್ನ ಹೇಗಂತ ಹೇಳಲಿ... ಅಮ್ಮನ ಹಾಗೇ ಕಣೇ ಅಕ್ಕ."

ಅಕ್ಕ ಸೀಸೆಯನ್ನೇ ಮೂಗಿಗೆ ಹಿಡಿದು, ಪಕ್ಕೆ ನೋಯುವಷ್ಟು ಉಸಿರೆಳೆದಳು. ಒಳಗೆ ಹೋದದ್ದು ಬರೀ ಗಾಳಿ. ನಲವತ್ತೆರಡರ ಹೆಸರು, ತೂಕ, ಯಾವುದು ಎಷ್ಟು ಬಿಸಿಗೆ ಆವಿಯಾಗುತ್ತದೆ ಎಂಬುದೆಲ್ಲ ಅವಳಿಗೆ ಬಾಯಿಪಾಠ. ಅಮ್ಮ ಮಾತ್ರ ಬರಲಿಲ್ಲ.

"ನಂಗೂ ಬೇಕು ಕಣೇ," ಎಂದಳು, ಚಿಕ್ಕ ಮಗುವಿನಂತೆ.

ತಂಗಿ ಕಣ್ಣು ತೆರೆಯಲಿಲ್ಲ. ತಡವಿಕೊಂಡು ಅಕ್ಕನ ಕೈ ಹುಡುಕಿ ಹಿಡಿದುಕೊಂಡು, ಆ ಕಾಗದಕ್ಕೆ ಮೆಲ್ಲಗೆ ಹೇಳಿದಳು:

"ಅಮ್ಮಾ, ಅಕ್ಕನೂ ಇಲ್ಲೇ ಇದ್ದಾಳೆ."