ಶಿವಲೀಲಾಳ ಬಾರ್ಲಿ

ಮನೆಯಲ್ಲೇ ಬಿಯರ್ ಮಾಡುವ ಹುಚ್ಚು ಹಿಡಿದದ್ದು ಶಿವಲೀಲಾಳಿಗೆ. ಮೊದಲ ಪ್ರಯತ್ನಕ್ಕೆಂದು, ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯನ್ನು ತಾನೇ ಕುಟ್ಟಿ ಡಬ್ಬಿಗೆ ತುಂಬಿಟ್ಟಿದ್ದಳು. ಆ ವಾರವೇ ಬಸ್ ಅಪಘಾತದಲ್ಲಿ ತೀರಿಕೊಂಡಳು.

ತಿಂಗಳು ಕಳೆದ ಮೇಲೆ ಗಂಡ ಮಲ್ಲಿನಾಥ ಆ ಡಬ್ಬಿ ತೆರೆದ. ಬಾರ್ಲಿಯನ್ನು ಬಿಸಿನೀರಲ್ಲಿ ನೆನೆಸಿ, ಸೋಸಿ, ಕಹಿಗೆಂದು ಹಾಪ್ಸ್ ಹೂವು ಹಾಕಿ ಕುದಿಸಿ, ಆರಿದ ಮೇಲೆ ಯೀಸ್ಟ್ ಬೆರೆಸಿ ಬಕೆಟ್ ಮುಚ್ಚಿಟ್ಟ. ಅದೊಂದಾದರೂ ಆಕೆ ಅಂದುಕೊಂಡಂತೆ ಆಗಲಿ ಎಂಬುದಷ್ಟೇ ಅವನ ಆಸೆ. ಕೆಲವು ದಿನ ಬಿಟ್ಟು ಮುಚ್ಚಳ ತೆಗೆದರೆ ಹಳಸಿದ ವಾಸನೆ ಮೂಗಿಗೆ ಬಡಿಯಿತು. ಎಲ್ಲಿ ತಪ್ಪಿತೆಂದು ಕೇಳೋಣವೆಂದರೆ ಆಕೆಯಿರಲಿಲ್ಲ.

ಬಕೆಟ್ ಬಗ್ಗಿಸಿ ಸಿಂಕಿಗೆ ಸುರಿಯುತ್ತಿದ್ದಾಗ ಶಿವಲೀಲಾಳ ತಂದೆ ಒಳಗೆ ಬಂದರು. ಕುಡಿತದ ಸುಳಿವು ಸಿಕ್ಕರೆ ಮದುವೆಯೂಟವನ್ನೇ ಬಿಟ್ಟು ಏಳುತ್ತಿದ್ದ ಮನುಷ್ಯ.

"ಏನ್ರೀ ಅದು, ಅಳಿಯಾರ?"

ಸುಳ್ಳು ಹೇಳುವ ತ್ರಾಣ ಮಲ್ಲಿನಾಥನಲ್ಲಿ ಉಳಿದಿರಲಿಲ್ಲ. "ಬಿಯರ್ ರೀ, ಮಾವಾರ. ನಿಮ್ಮ ಮಗಳು ಮಾಡಬೇಕಂತಿದ್ಲು. ಕಾಳು ಆಕೀನ ಕುಟ್ಟಿಟ್ಟಿದ್ಲು. ನಾ ಕೆಡಿಸಿಬಿಟ್ಟೆ."

ಮಲ್ಲಿನಾಥ ತಲೆ ತಗ್ಗಿಸಿ ಸುರಿಯುತ್ತಲೇ ಇದ್ದ.

"ತಡೀರಿ," ಎಂದು ಹತ್ತಿರ ಬಂದ ಮಾವ, ಕೊನೆಯ ಧಾರೆಗೆ ಅಂಗೈ ಒಡ್ಡಿ, ಕಣ್ಣುಮುಚ್ಚಿ ಕುಡಿದರು.